ಮೂರು ಶೆಲ್ಲಿನ ಬ್ಯಾಟರಿ

ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅಂತಾರ,
ಬ್ಯಾಟರಿಗೆ ಶೆಲ್ಲು.
ಹೊಟ್ಟಿಯೊಳಗಿದ್ದದ್ದರ ಹೆಸರು ಮೈಗೇ ಬಂದುಬಿಟ್ಟೈತಿ.
ಕಾರಟಗಿ ಬಸ್‌ಸ್ಟ್ಯಾಂಡಿನ ಹಿಂದ, ತಗಡಿನ ಡಬ್ಬಿ ಅಂಗಡಿ,
ಮೌಲಾಬಿ ಅಂತ ಕೇಳ್ರಿ, ತೋರಿಸ್ತಾರ.
ಒಂದು ಸಾಲ್ಡರಿಂಗ್ ಕಡ್ಡಿ, ಒಂದು ಹಳದಿ ಮೀಟರು,
ಎಲ್ಲದರ ಮ್ಯಾಲ ಅಕ್ಕಿ ಮಿಲ್ಲಿನ ಕರೀ ಬೂದಿ.

ಯಮನೂರಪ್ಪ ಬಂದ. ಮೂವತ್ತೊಂದನೇ ಕಾಲುವಿ ನೀರುಗಂಟಿ.
ಮೊಳದುದ್ದದ ಉಕ್ಕಿನ ಬ್ಯಾಟರಿ ಮುಂದಿಟ್ಟು
"ನಿನ್ನೆ ಹೊಸಾ ಶೆಲ್ಲು ಹಾಕೀನಿ, ಇವತ್ತ ಮಂಕು" ಅಂದ.
ಬಿಚ್ಚಿದೆ.
ಎರಡು ಹೊಸವು. ಒಂದು ಹ್ವಾದ ಶ್ರಾವಣದ್ದು.
"ಒಂದರ ರೊಕ್ಕ ಉಳಿಸೀನಿ" ಅಂತ ನಕ್ಕ.
ಮೀಟರಿನ ಕೆಂಪು ಮೂತಿ ಕರೀ ಮೂತಿ ಹಚ್ಚಿ ತೋರಿಸಿದೆ:
ಒಂದು ಪಾಯಿಂಟ್ ಆರು.
ಒಂದು ಪಾಯಿಂಟ್ ಆರು.
ಸೊನ್ನೆ ಪಾಯಿಂಟ್ ಎಂಟು.
ಲಾರಿಯಿಂದ ಚೀಲ ದಾಟಿಸೋ ಹಮಾಲರಪಾ ಇವರು,
ಒಬ್ಬನ ಬೆನ್ನಿಗೊಬ್ಬ;
ನಡುವ ಒಬ್ಬಾಂವ ಜ್ವರದಾಗ ನಿಂತರ
ಗಟ್ಟಿ ಇದ್ದವರೂ ಅವನ ಹೆಜ್ಜಿಗೇ ನಡೀಬೇಕು,
ಮ್ಯಾಲ ಅವನ್ನೂ ಹೊರಬೇಕು.

"ಮಗ್ಗಲಿಗೆ ಮಗ್ಗಲು ನಿಂದರಿಸಿದರ?"
ಬಾಳಿಕಿ ಬರ್ತೈತಿ, ನೂಕು ಬರೂದಿಲ್ಲ.
ಒಂದೂವರಿ ವೋಲ್ಟಿಗೆ ಬಿಳೀ ಎಲ್‌ಇಡಿ ಕಣ್ಣ ತೆರಿಯೂದಿಲ್ಲ,
ಅದಕ್ಕ ಮೂರರ ಮ್ಯಾಲ ಚಿಲ್ಲರ ಬೇಕು.

"ಆತು, ಮೂರೂ ಹೊಸವು ಹಾಕು.
ಆದರ ಬೆಳಕು ಕಾಲುವಿ ಆ ದಂಡಿ ದಾಟಿ
ಕಳ್ಳನ ಮಾರಿಗೆ ಬಡೀಬೇಕು ನೋಡು."
ಎಲ್ಲಾರೂ ಇದನ್ನೇ ಕೇಳ್ತಾರ.
ಒಳಗ ನಾಕೂವರಿ ಬರ್ತೈತಿ, ದೀಪ ಉಣ್ಣೂದು ಮೂರು ಚಿಲ್ಲರ,
ಉಳಿದದ್ದು ಬಿಸಿ.
ಅಂಗೈ ಕಾಸಿಕೊಳ್ಳಾಕ ಶೆಲ್ಲು ತರ್ತಿಯೇನು ಯಮನೂರಪ್ಪ,
ಅದೂ ಕಾರಟಗಿ ಬಿಸಿಲಿನಾಗ?
ಎಲ್‌ಇಡಿ ಮೆಲ್ಲಕ ಉಂಡಷ್ಟೂ ಉಂಡದ್ದು ಮೈಗೆ ಹತ್ತತೈತಿ.
ಕರೆಂಟು ಅರ್ಧ ಇಳಿಸಿದರ ಬೆಳಕು ಅರ್ಧ ಅಂತ ಲೆಕ್ಕ ಹೇಳ್ತೈತಿ,
ಕಣ್ಣು ಅಷ್ಟು ಜಿಪುಣ ಅಲ್ಲ,
ಅದು ಮುಕ್ಕಾಲು ಅಂತ ಬರಕೋತೈತಿ.

ಹಳೇ ರೆಸಿಸ್ಟರು ಕಿತ್ತೆ.
ಕಂದು, ಕರೀದು, ಕರೀದು ಪಟ್ಟಿಯ ಹತ್ತು ಓಮಿಂದು ಬೆಸೆದೆ.
ಒಂದೂವರಿ ರಾತ್ರಿಗೆ ಸಾಯೋ ಶೆಲ್ಲು
ಈಗ ಐದನೇ ರಾತ್ರಿಗೂ ಉಸಿರು ಹಿಡೀತೈತಿ.
ಅಂವ ಹಗಲಿನಾಗೇ ಗ್ವಾಡಿಗೆ ಬಿಟ್ಟು ನೋಡಿದ,
ತುಟಿ ಸೊಟ್ಟ ಮಾಡಿದ, ಹ್ವಾದ.

ಆರನೇ ದಿನ ಬಂದ.
ಬ್ಯಾಟರಿ ಮುಂದಿಡಲಿಲ್ಲ, ತಾನೇ ಸ್ಟೂಲಿನ ಮ್ಯಾಲ ಕುಂತ.
"ದೊಡ್ಡ ಬೆಳಕು ಇದ್ದಾಗ
ಮೈಲು ದೂರದಿಂದ ನನ್ನ ನೋಡಿ ಓಡ್ತಿದ್ದರು ಮೌಲಾಬಿ.
ಹತ್ತು ವರ್ಷ ಒಬ್ಬರ ಮಾರೀನೂ ನೋಡಿರಲಿಲ್ಲ.
ನಿನ್ನೆ ರಾತ್ರಿ ನಿನ್ನ ಈ ಮಂಕು ದೀಪ ಕಾಲ ಬುಡಕ್ಕ ಬಿಟ್ಟಗೊಂಡು ಹ್ವಾದೆ,
ಹತ್ತು ಮಾರಿನ್ಯಾಗ ಒಬ್ಬಾಕಿ ಹೆಣಮಗಳು.
ಸೀರಿ ಕಚ್ಚಿ ಹಾಕ್ಯಾಳ, ತೂಬಿನ ಬಾಯಾಗ ಸಲಿಕಿ,
ಅಂಗಳದಷ್ಟು ಸಸಿ ಮಡಿಗೆ ನೀರು ತಿರುವಾಕತ್ಯಾಳ.
ಬೆನ್ನು ಈ ಕಡಿ ಇತ್ತು. ನನ್ನ ನೋಡಲಿಲ್ಲ."

ಆಮ್ಯಾಲ?

"ಗುಂಡಿ ಒತ್ತಿದೆ.
ಆರಿಸಾಕ."

ಮಿಲ್ಲಿನ ಸೈರನ್ನು ಕೂಗಿತು. ಬೂದಿ ಇಳೀತು.
ಅಂವ ಹೆಬ್ಬೆರಳಿಲೆ ಮೀಟರಿನ ಗಾಜು ಒರಸಿದ.
"ಕೊನೀ ಹಳ್ಳಿಯವರು ಮುಂಜಾನೆ ಬಂದು ಬೈದರು,
ಗೇಣು ನೀರು ಕಡಿಮಿ ಬಂದೈತಂತ.
ಅವರದೂ ಖರೇನ.
ಬ್ಯಾಟರಿ ರಿಪೇರಿಗೆ ಹೋಗಿತ್ತು, ಕತ್ತಲಾಗ ಏನೂ ಕಾಣಲಿಲ್ಲ ಅಂದೀನಿ.
ಯಾರರ ಕೇಳಿದರ
ನಿನ್ನೆ ಅದು ನಿನ್ನ ಕಡೇನ ಇತ್ತು, ಹೌದಲ್ಲ?"

ಮೀಟರು ಸುಳ್ಳು ಹೇಳೂದಿಲ್ಲ.
ರಸೀದಿ ಪುಸ್ತಕ ನನ್ನ ಕೈಬರಹ.
ನಿನ್ನೆ ತಾರೀಖು ಹಾಕಿ ಬರದೆ:
ಮೂರು ಶೆಲ್ಲಿನ ಬ್ಯಾಟರಿ ಒಂದು, ಗುಂಡಿ ಸಡಿಲು.
ಹತ್ತು ರೂಪಾಯಿ ಕೊಡು ಅಂದೆ,
ಬರದ ಮ್ಯಾಲ ಬಿಡಾಕ ಬರೂದಿಲ್ಲ.